ವಾರ್ಡಿಗೆ ನಿದ್ದೆ ಕಲಿಸಿದವರು

ಹತ್ತನೇ ತಾರೀಕು, ಬುಧವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅಪ್ಪನ ಚಪ್ಪಲಿ ಮತ್ತು ಕನ್ನಡಕ. ಆಸ್ಪತ್ರೆಯವರು ಕೊಟ್ಟದ್ದನ್ನು ಮನೆಗೂ ಒಯ್ಯದೆ ನೇರವಾಗಿ ಇಲ್ಲಿಗೆ ತಂದಿದ್ದರು. ಹೊಲಿಗೆ ಅಂಗಡಿ ನಡೆಸುವವರು, ವಯಸ್ಸು ನಲವತ್ತರ ಆಸುಪಾಸು. ಅತ್ತು ಅತ್ತು ಸಾಕಾದ ಮುಖ. ಆದರೆ ಮಾತು ಮಾತ್ರ ಅಳತೆ ಹಿಡಿದು ಕತ್ತರಿಸಿದಷ್ಟು ನೇರವಾಗಿತ್ತು.

"ನಿನ್ನೆ ಮಧ್ಯಾಹ್ನ ನಮ್ಮಪ್ಪ ತೀರ್ಕೊಂಡ್ರು. ಯಾರೂ ನೋಡ್ಲಿಲ್ಲ. ಮಿಷನ್ನೂ ಕೂಗ್ಲಿಲ್ಲ."

"ನೀವು ನೋಡಿದ್ದು ಎಷ್ಟು ಗಂಟೆಗೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರೂ ಇಪ್ಪತ್ತು. ಕೈ ತಣ್ಣಗಿತ್ತು. ಪರದೆ ಮೇಲೆ ದೊಡ್ಡದಾಗಿ ಸೊನ್ನೆ ಇತ್ತು ಸಾರ್."

"ಕೂಗೋದು ಅಂದ್ರೆ?"

"ಎದೆಬಡಿತ ಹೆಚ್ಚುಕಮ್ಮಿ ಆದ್ರೆ ಕೂಗುತ್ತೆ, ಸಿಸ್ಟರ್ ಓಡಿ ಬರ್ತಾರೆ ಅಂತ ಸೇರಿಸುವಾಗ ಹೇಳಿದ್ರು. ಸೊನ್ನೆಗೂ ಕೂಗದೇ ಇರೋದನ್ನ ನಮ್ಮಪ್ಪನಿಗೆ ಯಾಕೆ ಕಟ್ಟಿದ್ರು?"

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಇಲ್ಲ. ಅದರ ಬಾಯಿ ಮುಚ್ಚಿಸಿದ್ದು ಯಾರು ಅಂತ ಗೊತ್ತಾಗ್ಬೇಕು. ಅಷ್ಟೇ."

ಮಧ್ಯಾಹ್ನ ಹನ್ನೆರಡೂ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಮೃತರು ನಿವೃತ್ತ ಬಸ್ ಚಾಲಕ, ವಯಸ್ಸು ಎಪ್ಪತ್ತು. ಮೂರನೇ ಮಹಡಿಯ ಹೃದ್ರೋಗ ವಾರ್ಡು, ಆರನೇ ಬೆಡ್. ಆರೋಪಿಯ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆಯಲಾಯಿತು. ಪೊಲೀಸರಿಗೆ ಇದು ಹೊಸ ಬಗೆಯ ಪೇಚು. ಕಳ್ಳನಾದರೆ ಓಡುತ್ತಾನೆ, ಬೆನ್ನಟ್ಟಬಹುದು. ಕೂಗದೇ ಇದ್ದ ಯಂತ್ರದ ಜಾಡು ಹಿಡಿಯುವುದು ಎಲ್ಲಿಂದ?

ಒಂದೂವರೆಗೆ ಇನ್ಸ್‌ಪೆಕ್ಟರ್ ಮತ್ತು ಮಹಿಳಾ ಪೇದೆ ವಾರ್ಡಿನ ಬಾಗಿಲು ತಳ್ಳಿದರು. ತಳ್ಳಿದವರು ಅಲ್ಲೇ ನಿಂತುಬಿಟ್ಟರು. ಎಳೆದ ಪರದೆಗಳ ಹಿಂದಿನಿಂದ ಬಿಸಿಲು ತಿಳಿಹಳದಿಯಾಗಿ ಸೋಸಿ ಬರುತ್ತಿತ್ತು. ಫ್ಯಾನು ಅವಸರವಿಲ್ಲದೆ ತಿರುಗುತ್ತಿತ್ತು. ಐದು ಬೆಡ್ಡುಗಳಲ್ಲಿ ಐದು ಜನ, ಎಲ್ಲರೂ ಗಾಢ ನಿದ್ದೆಯಲ್ಲಿದ್ದರು. ಒಬ್ಬರ ಬಾಯಿ ಮಗುವಿನ ಬಾಯಿಯಂತೆ ತೆರೆದಿತ್ತು. ಪರದೆಗಳ ಮೇಲೆ ಹಸಿರು ಗೆರೆಗಳು ಏಳುತ್ತ ಬೀಳುತ್ತ ಸದ್ದಿಲ್ಲದೆ ಹರಿಯುತ್ತಿದ್ದವು. ಆಸ್ಪತ್ರೆ ಎಂದರೆ ಕಿವಿಗೆ ಬೀಳುವ ಕಿರ್ ಕಿರ್, ಬೀಪ್ ಬೀಪ್ ಯಾವುದೂ ಇರಲಿಲ್ಲ.

"ಇದೇನ್ ಸಾರ್, ವಾರ್ಡೋ ಶಿಶುವಿಹಾರವೋ?" ಪೇದೆ ಪಿಸುಗುಟ್ಟಿದರು. ಪಿಸುಗುಟ್ಟುತ್ತಲೇ ಆಕಳಿಸಿದರು.

"ಡ್ಯೂಟಿ ಮೇಲಿದ್ದೀರಿ."

"ನಾನಿದ್ದೀನಿ ಸಾರ್. ಕಣ್ಣು ಕೇಳ್ತಿಲ್ಲ."

ಆರನೇ ಬೆಡ್ಡಿನ ಪಂಚನಾಮೆಯೂ ಪಿಸುಮಾತಿನಲ್ಲೇ ನಡೆಯಿತು. ಪಂಚರಾಗಿ ಬಂದ ಔಷಧಿ ಅಂಗಡಿಯವರು ಮತ್ತು ಲಿಫ್ಟಿನವರು, ಯಾರೂ ಹೇಳದಿದ್ದರೂ, ತುದಿಗಾಲಲ್ಲಿ ಓಡಾಡಿದರು. ಬೆಡ್ ಒಂದು, ಮಾನಿಟರ್ ಒಂದು, ಬೆರಳಿಗೆ ಸಿಕ್ಕಿಸುವ ಕ್ಲಿಪ್ ಒಂದು, ನರ್ಸುಗಳು ಬಳಸುವ ಟ್ಯಾಬ್ ಒಂದು. ಟ್ಯಾಬಿನ ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ ಪಾಸ್‌ವರ್ಡ್ ದುಂಡಗಿನ ಅಕ್ಷರದಲ್ಲಿ, ಎಲ್ಲರಿಗೂ ಕಾಣುವಂತೆ ಬರೆದಿತ್ತು. ಇನ್ಸ್‌ಪೆಕ್ಟರ್ ಹಣೆ ಹಣೆ ಬಡಿದುಕೊಳ್ಳುವುದೊಂದು ಬಾಕಿ. ಚೀಟಿಯನ್ನೂ ಪಂಚನಾಮೆಗೆ ಸೇರಿಸಲಾಯಿತು.

ಸೂಪರಿಂಟೆಂಡೆಂಟ್ ಡಾಕ್ಟರ್ ತಮ್ಮ ಕೋಣೆಯಲ್ಲಿ ನಿಂತೇ ಮಾತಾಡಿದರು. "ನಮ್ಮ ಅತ್ಯುತ್ತಮ ವಾರ್ಡು ಅದು. ಬೇರೆ ವಾರ್ಡಿನವರಿಗಿಂತ ಅಲ್ಲಿಯವರು ಎರಡು ದಿನ ಮೊದಲೇ ಮನೆಗೆ ಹೋಗ್ತಾರೆ. ಯಾಕೆ ಅಂತ ನಮಗೇ ಅರ್ಥ ಆಗಿಲ್ಲ."

"ಒಬ್ಬರು ಮನೆಗೆ ಹೋಗ್ಲಿಲ್ಲ," ಎಂದರು ಇನ್ಸ್‌ಪೆಕ್ಟರ್.

ಡಾಕ್ಟರ್ ಕೂತರು.

ಹನ್ನೊಂದನೇ ತಾರೀಕು, ಗುರುವಾರ, ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಎಂಜಿನಿಯರಮ್ಮ ಲಾಗ್ ದಾಖಲೆ ತೆಗೆದಿಟ್ಟರು. ರಾತ್ರಿಯಿಡೀ ಕೂತು ತೆಗೆದಿದ್ದರು. ವಾರ್ಡನ್ನು ನೋಡಿಕೊಳ್ಳುವ ಸಾಫ್ಟ್‌ವೇರನ್ನು ಅಲ್ಲಿಯವರು 'ಕಾವಲು' ಎನ್ನುತ್ತಿದ್ದರು. ಆಕೆ ವಿವರಿಸಿದ್ದು ಇಷ್ಟು: ಕಾವಲು ಪ್ರತಿ ಬಾರಿ ಕೂಗಿದಾಗಲೂ ನರ್ಸಿನ ಟ್ಯಾಬಿನಲ್ಲಿ ಎರಡು ಗುಂಡಿ ಬರುತ್ತದೆ. ಒಂದು 'ಬೇಕಿತ್ತು', ಇನ್ನೊಂದು 'ಬೇಕಿರಲಿಲ್ಲ'. ಒತ್ತಿದ್ದನ್ನು ನೋಡಿ ಅದು ಕಲಿಯುತ್ತದೆ. ಬೇಕಿರಲಿಲ್ಲ ಎಂದರೆ ಮುಂದಿನ ಸಲ ಅಂಥದ್ದಕ್ಕೆ ಕೂಗಲು ಹಿಂದೆಮುಂದೆ ನೋಡುತ್ತದೆ.

"ಸೊನ್ನೆಗೂ?"

"ಬೆರಳಿನ ಕ್ಲಿಪ್ ಜಾರಿದ್ರೂ ಸೊನ್ನೆ ತೋರಿಸುತ್ತೆ ಸಾರ್. ನಿದ್ದೇಲಿ ಎಲ್ಲರೂ ಕಿತ್ತು ಬಿಸಾಕ್ತಾರೆ. ಮಧ್ಯಾಹ್ನದ ಸೊನ್ನೆ ಅಂದ್ರೆ ಕ್ಲಿಪ್ ಜಾರಿದೆ ಅಂತ ಅದಕ್ಕೆ ಕಲಿಸಿದ್ದಾರೆ. ಏಳು ತಿಂಗಳಲ್ಲಿ ನಾಲ್ಕು ಸಾವಿರದ ನೂರು ಸಲ."

"ಒತ್ತಿದವರು?"

"ಅದೇ ತಲೆನೋವು. ಎರಡು ವರ್ಷದ ಹಿಂದೆ ನಿವೃತ್ತರಾದ ಇನ್‌ಚಾರ್ಜ್ ಸಿಸ್ಟರ್ ಲಾಗಿನ್. ರದ್ದು ಮಾಡೋದು ನಾವು ಮರೆತಿದ್ವಿ. ಬೇರೆಯವರು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ 'ಬೇಕಿರಲಿಲ್ಲ' ಒತ್ತಿದ್ರೆ ಆಫೀಸಿಗೆ ವರದಿ ಹೋಗುತ್ತೆ. ಇನ್‌ಚಾರ್ಜ್ ಲಾಗಿನ್ನಿಗೆ ಆ ಮಿತಿ ಇಲ್ಲ." ಆಕೆ ನಾಲಿಗೆ ಕಚ್ಚಿಕೊಂಡರು. ಚೀಟಿಯಲ್ಲಿದ್ದದ್ದು ಅದೇ ಲಾಗಿನ್.

"ಆ ಐದು ಜನ ಈಗಲೂ ಅದರ ಕೈಯಲ್ಲೇ ಇದ್ದಾರಲ್ಲ?"

"ಕಲಿತದ್ದನ್ನೆಲ್ಲ ಅಳಿಸ್ತಿದ್ದೀವಿ. ನಾಳೆ ಬೆಳಿಗ್ಗೆಗೆ ಮುಗಿಯುತ್ತೆ. ನಿಮಗೊಂದು ಪ್ರತಿ ಇಟ್ಟಿದ್ದೀವಿ. ಅಲ್ಲೀವರೆಗೆ ವಾರ್ಡಿಗೆ ಮೂರು ಜನ ಸಿಸ್ಟರ್ ಹಾಕ್ಸಿದ್ದೀನಿ."

"ಮೊದಲು ಎಷ್ಟಿದ್ರು?"

ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. "ಮಂಗಳವಾರ ಒಬ್ಬರೇ. ಯಾವ ವಾರ್ಡಿಗೆ ಎಷ್ಟು ಜನ ಅಂತ ಹೇಳೋದೂ ಕಾವಲೇ ಸಾರ್. ಕೂಗು ಎಷ್ಟಿದೆ ಅಂತ ನೋಡಿ ಹಂಚುತ್ತೆ. ಮೂರನೇ ಮಹಡಿ ಸದ್ದೇ ಇಲ್ಲ ಅಂತ ಅಲ್ಲಿಂದ ತೆಗೆದು ಬೇರೆ ಕಡೆ ಹಾಕ್ತಾ ಬಂದಿದೆ."

ಇನ್ಸ್‌ಪೆಕ್ಟರ್ ಇದನ್ನು ಬರೆದುಕೊಂಡರು. ಬರೆದದ್ದನ್ನು ಎರಡು ಸಲ ಓದಿದರು. ಆಮೇಲೆ ಲಾಗ್ ದಾಖಲೆಯ ಹಾಳೆಗಳ ಮೇಲೆ ಕಣ್ಣಾಡಿಸಿದರು. ಉಳಿದ ನರ್ಸುಗಳು ಕೂಗು ಬಂದ ಮೂರು ನಾಲ್ಕು ಸೆಕೆಂಡಿಗೆ ಯಾವುದೋ ಒಂದು ಗುಂಡಿ ಒತ್ತಿ ಮುಗಿಸಿದ್ದರು. ನಿವೃತ್ತ ಸಿಸ್ಟರ್ ಲಾಗಿನ್ನಿನಲ್ಲಿ ಮಾತ್ರ ಪ್ರತಿ ಸಲವೂ ಅರವತ್ತೈದು, ಎಪ್ಪತ್ತು ಸೆಕೆಂಡು. ನಾಲ್ಕು ಸಾವಿರದ ನೂರು ಸಲವೂ ಹಾಗೇ. ಬಾಯಿ ಮುಚ್ಚಿಸಲು ಹೊರಟವರು ಒಂದು ನಿಮಿಷ ಯಾಕೆ ಕಾಯುತ್ತಾರೆ?

"ಇವುಗಳಲ್ಲಿ ನಿಜವಾದ ಕೂಗಿಗೆ ಬೇಕಿರಲಿಲ್ಲ ಅಂತ ತಪ್ಪಾಗಿ ಒತ್ತಿದ್ದು ಎಷ್ಟು?"

"ನಾನೂ ಅದನ್ನೇ ಹುಡುಕಿದೆ ಸಾರ್. ಒಂದೂ ಇಲ್ಲ."

ಅಂದು ಮಧ್ಯಾಹ್ನ ಎರಡಕ್ಕೆ ಇನ್ಸ್‌ಪೆಕ್ಟರ್ ಆರನೇ ಬೆಡ್ಡಿನ ಪಕ್ಕದ ಕುರ್ಚಿಯಲ್ಲಿ ಕೂತರು. ಪೇದೆ ಬಾಗಿಲ ಬಳಿ ನಿಂತರು. ಮೂವರು ಸಿಸ್ಟರ್ ಓಡಾಡುತ್ತಿದ್ದರು. ಇಬ್ಬರು ಚಿಕ್ಕ ವಯಸ್ಸಿನವರು. ಮೂರನೆಯವರಿಗೆ ಐವತ್ತಾರು, ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಅವರು ದೊಡ್ಡಕ್ಕ. ಚಿಕ್ಕವರು ರೋಗಿಯ ಉಸಿರನ್ನು ಕಾಲು ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿ, ಬರೆದು ಮುಂದಿನ ಬೆಡ್ಡಿಗೆ ಹೋಗುತ್ತಿದ್ದರು. ಕೆಲಸದ ರಾಶಿ ಹಾಗಿತ್ತು, ಅವರನ್ನು ದೂರುವಂತಿಲ್ಲ.

ಹಳದಿ ಬೆಳಕು, ಐದು ಜನರ ಉಸಿರು. ಇನ್ಸ್‌ಪೆಕ್ಟರಿಗೆ ಎರಡು ದಿನದ ದಣಿವಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕೆಂದು ಬಂದವರಿಗೆ ಯಾವಾಗ ಮಂಪರು ಹತ್ತಿತೋ ತಿಳಿಯಲಿಲ್ಲ. ಅವರೊಂದು ಬಸ್ಸಿನಲ್ಲಿದ್ದರು. ಬಸ್ಸು ಎಲ್ಲೂ ನಿಲ್ಲದೆ, ಕುಲುಕದೆ, ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಚಾಲಕನ ಜಾಗ ಖಾಲಿ ಇತ್ತು, ಆದರೂ ಭಯವಾಗಲಿಲ್ಲ. ಬಹಳ ವರ್ಷಗಳಿಂದ ಅಂಥ ಸುಖದ ನಿದ್ದೆ ಅವರಿಗೆ ಬಂದಿರಲಿಲ್ಲ.

ಕಣ್ಣು ಬಿಟ್ಟಾಗ ಎದುರಿಗೆ ದೊಡ್ಡಕ್ಕ ಬಗ್ಗಿ ನಿಂತಿದ್ದರು. ಎದೆಗೆ ಪಿನ್ನು ಹಾಕಿ ತಲೆಕೆಳಗಾಗಿ ಸಿಕ್ಕಿಸಿದ ಹಳೆಯ ಗಡಿಯಾರವನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದರು. ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ನಾಲ್ಕನೇ ಬೆಡ್ಡಿನ ಮುದುಕರ ಉಸಿರನ್ನು ಎಣಿಸಿ ಮುಗಿಸಿ, ಈಗ ಇನ್ಸ್‌ಪೆಕ್ಟರರ ಉಸಿರನ್ನೇ ಎಣಿಸುತ್ತಿದ್ದರು!

"ಹದಿನಾಲ್ಕು," ಎಂದರು ದೊಡ್ಡಕ್ಕ. "ಚೆನ್ನಾಗಿ ನಿದ್ದೆ ಮಾಡಿದ್ರಿ."

ಇನ್ಸ್‌ಪೆಕ್ಟರ್ ನಾಚಿಕೆಯಿಂದ ನೆಟ್ಟಗೆ ಕೂತರು. ಬಾಗಿಲ ಬಳಿ ಪೇದೆ ಎತ್ತಲೋ ನೋಡುವವರಂತೆ ಮುಖ ತಿರುಗಿಸಿಕೊಂಡಿದ್ದರು.

"ನೀವು ಪೂರ್ತಿ ಒಂದು ನಿಮಿಷ ಎಣಿಸ್ತೀರಿ."

"ನಮಗೆ ಹಾಗೇ ಕಲಿಸಿದ್ದು. ಕಾಲು ನಿಮಿಷದಲ್ಲಿ ಉಸಿರು ಸುಳ್ಳು ಹೇಳುತ್ತೆ."

"ಮಿಷನ್ ಕೂಗಿದಾಗಲೂ?"

ದೊಡ್ಡಕ್ಕ ಗಡಿಯಾರವನ್ನು ಕೈಬಿಟ್ಟರು. ಅದು ಎದೆಯ ಮೇಲೆ ಜೋತುಬಿತ್ತು. "ಆಗಲೂ. ನೋಡದೇ ಹೇಗೆ ಒತ್ತೋದು?"

"ಒತ್ತಿದ್ದು ನೀವು."

"ಹೂಂ."

"ನಿವೃತ್ತರಾದ ಸಿಸ್ಟರ್ ಹೆಸರಲ್ಲಿ."

"ನನ್ನ ಹೆಸರಲ್ಲಿ ದಿನಕ್ಕೆ ಹತ್ತೇ ಇತ್ತು. ಸಾಲ್ತಿರ್ಲಿಲ್ಲ."

"ಒತ್ತಿದ್ರೆ ಅದು ಸುಮ್ಮನಾಗುತ್ತೆ ಅಂತ ಗೊತ್ತಿತ್ತಾ?"

"ಸುಮ್ಮನಾಗ್ಲಿ ಅಂತಲೇ ಒತ್ತಿದ್ದು. ಅದು ಕೂಗೋದ್ರಲ್ಲಿ ನೂರಕ್ಕೆ ತೊಂಬತ್ತು ಸುಳ್ಳೇ. ಪ್ರತಿ ಸುಳ್ಳಿಗೂ ಆರು ಜನ ಎದ್ದು ಕೂರ್ತಿದ್ರು. ನಾನಿದ್ದೀನಲ್ಲ, ನಾನು ನೋಡ್ತೀನಲ್ಲ ಅಂದ್ಕೊಂಡೆ."

"ಮಂಗಳವಾರ ಎಲ್ಲಿದ್ರಿ?"

"ಐದನೇ ಮಹಡಿಗೆ ಹಾಕಿದ್ರು. ಬೆಳಿಗ್ಗೆ ಹೋಗಿ ಕೇಳ್ದೆ, ಕೆಳಗೆ ಒಬ್ಬಳೇ ಹುಡುಗಿ ಇದ್ದಾಳೆ, ಯಾಕೆ ನನ್ನನ್ನ ಮೇಲಕ್ಕೆ ಹಾಕ್ತೀರಿ ಅಂತ. ಕಂಪ್ಯೂಟರ್ ಹಾಕಿದೆ ಅಂದ್ರು."

ಅದು ಯಾಕೆ ಹಾಕಿತು ಎಂಬುದನ್ನು ಇನ್ಸ್‌ಪೆಕ್ಟರ್ ಹೇಳಲೇಬೇಕಾಯಿತು. ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದರು. ದೊಡ್ಡಕ್ಕ ಪೂರ್ತಿ ಕೇಳಿಸಿಕೊಂಡರು. ಕೇಳುತ್ತಾ ಕೇಳುತ್ತಾ ಆರನೇ ಬೆಡ್ಡಿನ ಕಂಬಿಯನ್ನು ಹಿಡಿದುಕೊಂಡರು. ಹೊಸ ಚಾದರ ಹಾಸಿ ಸಿದ್ಧ ಮಾಡಿದ್ದ ಬೆಡ್ಡು. ಅದರ ಮೇಲೆ ಕೂರಬಾರದೆಂಬ ನಿಯಮವನ್ನು ಮೂವತ್ತೆರಡು ವರ್ಷ ಪಾಲಿಸಿದವರು, ಅಂದು ಕೂತುಬಿಟ್ಟರು.

"ಹಾಗಾದ್ರೆ ನನ್ನನ್ನ ಮೇಲಕ್ಕೆ ಕಳಿಸಿದ್ದು ನಾನೇ," ಎಂದರು.

ಸಂಜೆ ನಾಲ್ಕೂ ಹತ್ತಕ್ಕೆ ಮಹಿಳಾ ಪೇದೆಯ ಸಮ್ಮುಖದಲ್ಲಿ ದಸ್ತಗಿರಿ ಆಯಿತು. ಹೊರಡುವ ಮುನ್ನ ದೊಡ್ಡಕ್ಕ ಚಿಕ್ಕ ಸಿಸ್ಟರುಗಳಿಗೆ ಐದು ಬೆಡ್ಡಿನ ವಿವರವನ್ನೂ ಒಪ್ಪಿಸಿದರು. ಎರಡನೆಯವರಿಗೆ ಕ್ಲಿಪ್ಪನ್ನು ಎಡಗೈಗೆ ಹಾಕಿ, ಬಲಗೈಗೆ ಹಾಕಿದ್ರೆ ಕಿತ್ತು ಹಾಕ್ತಾರೆ ಎಂದರು. ಇಬ್ಬರು ಹುಡುಗಿಯರೂ ಬಿಕ್ಕಿ ಬಿಕ್ಕಿ ಅತ್ತರು. ರೋಗಿಗಳು ಯಾರೂ ಏಳಲಿಲ್ಲ.

ಠಾಣೆಯಲ್ಲಿ ಕೊಟ್ಟ ಹೇಳಿಕೆ ಒಂದೂವರೆ ಪುಟ. ದೊಡ್ಡಕ್ಕನಿಗೆ ಒಬ್ಬ ತಮ್ಮನಿದ್ದ. ತಾಯಿ ಇಲ್ಲದ ಮನೆಯಲ್ಲಿ ಎತ್ತಿ ಆಡಿಸಿ ಬೆಳೆಸಿದವರು ಅವರೇ. ಕಳೆದ ವರ್ಷ ಬೇರೊಂದು ಆಸ್ಪತ್ರೆಯಲ್ಲಿ ಅವನು ಹನ್ನೊಂದು ದಿನ ಇದ್ದ. ನೆತ್ತಿಯ ಮೇಲೆ ಹಗಲೂ ರಾತ್ರಿ ಯಂತ್ರ ಕೂಗುತ್ತಿತ್ತು. ಐದನೇ ದಿನ ನಿದ್ದೆಗೆಟ್ಟು ಅವನ ಮಾತು ತಪ್ಪಿತು. ಒಂಬತ್ತನೇ ದಿನ ಅಕ್ಕನನ್ನು ನೋಡಿ, ನೀವು ಯಾರು, ನಮ್ಮಕ್ಕನ್ನ ಕರೀರಿ ಎಂದ. ಹನ್ನೊಂದನೇ ದಿನ ಅಕ್ಕನನ್ನು ಕರೆಯುತ್ತಲೇ, ಪಕ್ಕದಲ್ಲಿ ಕೂತ ಅಕ್ಕನನ್ನು ಗುರುತಿಸದೆಯೇ ತೀರಿಕೊಂಡ. ಕಾಯಿಲೆ ಎಂದರು ಡಾಕ್ಟರರು. "ಒಂದು ಗಂಟೆ ನಿದ್ದೆ ಸಿಕ್ಕಿದ್ರೆ ನನ್ನ ಗುರುತು ಹಿಡೀತಿದ್ದ," ಎಂಬುದು ಹೇಳಿಕೆಯ ಕೊನೆಯ ಸಾಲು. ಕೆಳಗೆ ದೊಡ್ಡಕ್ಕನ ಸಹಿ ನಡುಗದೆ ಬಿದ್ದಿತ್ತು.

ಕಾಗದಪತ್ರ ಮುಗಿಯುವ ಹೊತ್ತಿಗೆ ಐದೂ ಕಾಲು. ಇಳಿಬಿಸಿಲು ಕಿಟಕಿಯಿಂದ ಒಳಗೆ ಬಂದು ಬೆಂಚಿನವರೆಗೆ ಚಾಚಿತ್ತು. ಬೆಂಚಿನ ಮೇಲೆ ಕೂತಿದ್ದ ದೊಡ್ಡಕ್ಕ ಗೋಡೆಗೆ ತಲೆಯೊರಗಿಸಿ ನಿದ್ದೆ ಹೋಗಿದ್ದರು. ಎಷ್ಟು ದಿನದ ನಿದ್ದೆಯೋ, ಮುಖದ ಗೆರೆಗಳೆಲ್ಲ ಸಡಿಲಾಗಿದ್ದವು.

ಆಗ ದೂರುದಾರ ಮಗಳು ಬಂದರು. ಇನ್ಸ್‌ಪೆಕ್ಟರ್ ಹೇಳಿ ಕಳಿಸಿದ್ದರು. ಆಕೆ ಹೇಳಿಕೆಯನ್ನು ನಿಂತೇ ಓದಿದರು. ಓದಿ ಮುಗಿಸಿ ಬೆಂಚಿನ ಕಡೆ ನೋಡಿದರು.

"ಇವರಾ?"

"ಹೌದು."

"ಸೋಮವಾರ ಅಪ್ಪ ಫೋನ್ ಮಾಡಿದ್ರು. ಎಷ್ಟೋ ದಿನದ ಮೇಲೆ ನಿದ್ದೆ ಬಂತು ಕಣಮ್ಮ ಅಂದ್ರು. ನಾನು ಹೋಗಿ ಇವರ ಕೈ ಹಿಡ್ಕೊಂಡು, ನಿಮ್ಮಿಂದ ಬಹಳ ಉಪಕಾರ ಆಯ್ತು ಅಂದಿದ್ದೆ." ಆಕೆಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಯಾವುದನ್ನು ಮೊದಲು ಹೊರಹಾಕಬೇಕೆಂದು ತಿಳಿಯದೆ ಬೆಂಚಿನ ಎದುರಿನ ಕುರ್ಚಿಯಲ್ಲಿ ಕೂತರು.

ಮೂಲೆಯ ಮೇಜಿನ ಮೇಲೆ ವೈರ್‌ಲೆಸ್ ಗರಗರ ಎಂದಿತು. ಎಲ್ಲೋ ಯಾವುದೋ ಗಾಡಿ, ಯಾವುದೋ ವೃತ್ತ. ದೊಡ್ಡಕ್ಕನ ರೆಪ್ಪೆ ಅದುರಿತು. ಇನ್ಸ್‌ಪೆಕ್ಟರ್ ಕೈ ಚಾಚಿ ಸದ್ದನ್ನು ಪೂರ್ತಿ ಇಳಿಸಿದರು. ಕೋಣೆ ತಣ್ಣಗಾಯಿತು.

ತಲೆ ಎತ್ತಿದಾಗ ಮಗಳು ಅವರ ಬೆರಳುಗಳನ್ನೇ ನೋಡುತ್ತಿದ್ದರು.  ಇನ್ಸ್‌ಪೆಕ್ಟರ್ ಗುಂಡಿಯ ಮೇಲಿದ್ದ ಕೈಯಿಂದಲೇ ಸದ್ದನ್ನು ಮತ್ತೆ ಮೊದಲಿನಷ್ಟಕ್ಕೆ ಏರಿಸಿದರು. ಯಂತ್ರ ಗಟ್ಟಿಯಾಗಿ ಕೂಗಿತು.

ದೊಡ್ಡಕ್ಕ ದಡಬಡಿಸಿ ಎದ್ದು ನಿಂತರು. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ, ಕೈ ಆಗಲೇ ಎದೆಯ ಗಡಿಯಾರ ಹುಡುಕುತ್ತಿತ್ತು.

"ಯಾವ ಬೆಡ್?" ಎಂದರು.

"ಆರನೇದು," ಎಂದರು ಮಗಳು.