ಗೋದಿ ಎಲೆಯ ಬಾಗಿಲು ಕಾಯ್ದವಳು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಒಂದು ಗೋದಿ ಗಿಡದ ಎಲೆಗಳೊಳಗೆ ಒಂದು ರಾಜ್ಯವಿತ್ತು. ಅಲ್ಲಿ ಮನೆಗೆ ಮನೆ ಹತ್ತಿಕೊಂಡು ಸಾಲಾಗಿ ನಿಂತಿದ್ದವು. ನಡುಗೋಡೆಯಲ್ಲೊಂದು ಕಿಂಡಿ. ಸಕ್ಕರೆ ಕೊಡುವುದು, ನೀರು ಇಸಿದುಕೊಳ್ಳುವುದು, ಜಗಳಾಡುವುದು, ಎಲ್ಲ ಆ ಕಿಂಡಿಯಲ್ಲೇ. ರಾಜ್ಯದ ಮಕ್ಕಳೆಲ್ಲ ಮೇಲೆ ತೆನೆಯ ತೊಟ್ಟಿಲುಗಳಲ್ಲಿ ಮಲಗಿದ್ದರು. ಅವರ ಮೈಯಲ್ಲಿ ಹಾಲು ತುಂಬಿ ಕಾಳು ಗಟ್ಟಿಯಾಗುವವರೆಗೆ ಎಲೆಯವರು ದುಡಿದು ಉಣಿಸಬೇಕು.

ಅದರಲ್ಲೊಂದು ಎಲೆಯ ಬಾಗಿಲು ಕಾಯುವವಳು ನಿಂಬೆವ್ವ. ಯಾವಾಗಿನಿಂದ ಕಾಯುತ್ತಿದ್ದಳೋ ಅವಳಿಗೇ ಮರೆತುಹೋಗಿತ್ತು. ಕಾಲು ಸೋತಿದ್ದವು, ಕಣ್ಣು ಮಂಜಾಗಿತ್ತು. ಆದರೆ ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಬಂದವರ ಸೆರಗು ಮುಟ್ಟಿ ನೋಡುವುದು ಅಲ್ಲಿಯ ಪದ್ಧತಿ. ವೈರಿಯಾದ ಹಳದಿ ಮಾಟಗಾತಿಯ ಸೀರೆ ಏಡಿಯ ಚಿಪ್ಪಿನಂಥ ನೂಲಿನದು. ಎಲೆಯವರಲ್ಲಿ ಅಂಥ ನೂಲು ಯಾರ ಮೈಮೇಲೂ ಇಲ್ಲ. ಅದು ಬೆರಳಿಗೆ ತಾಗಿದ ಕೂಡಲೇ ಗಂಟೆ ಬಾರಿಸಬೇಕು.

ಒಂದು ಮಂಜಿನ ಮುಂಜಾನೆ ಮಾಟಗಾತಿ ಗಾಳಿಯ ಬೆನ್ನೇರಿ ಬಂದಳು.

"ಯವ್ವಾ, ದಾರಿ ತಪ್ಪೀನಿ. ಒಂದ್ ಗಳಿಗಿ ಒಳಗ ಕುಂದರ್ಲೇನು?"

ನಿಂಬೆವ್ವ ಸೆರಗು ಹಿಡಿದಳು. ಚಿಪ್ಪು! ಗಂಟೆ ಬಾರಿಸಿದಳು. ಮನೆಮನೆಯವರೂ ಸಕ್ಕರೆ ಪಾಕ ಕಲಸಿ ಗೋಡೆಗೆ ಇನ್ನೊಂದು ಪದರ ಮೆತ್ತಿದರು. ಕತ್ತರಿ ಹಿಡಿದ ಕಾವಲಿನವರು ಓಡಿಬಂದು ಮಾಟಗಾತಿಯ ಸೀರೆಯನ್ನು ಚಿಂದಿ ಮಾಡಿದರು. ಅವಳು ಕಾಲಿಗೆ ಬುದ್ಧಿ ಹೇಳಿದಳು. ಆದರೆ ಮಕ್ಕಳ ಪಾಲಿನ ಸಕ್ಕರೆಯೆಲ್ಲ ಗೋಡೆಗೆ ಖರ್ಚಾಗಿ, ಅಂದು ತೊಟ್ಟಿಲುಗಳಲ್ಲಿ ಬರೀ ಅಳು.

ಎರಡನೆಯ ಸಲ ಮಾಟಗಾತಿ ಸೀರೆಯ ಮೇಲೆ ಮೆತ್ತನೆಯ ಶಾಲು ಹೊದ್ದು ಬಂದಳು. ನಿಂಬೆವ್ವ ಶಾಲನ್ನು ಸರಿಸಿ ಒಳಗೆ ಕೈಯಿಟ್ಟಳು. ಮತ್ತೆ ಚಿಪ್ಪು, ಮತ್ತೆ ಗಂಟೆ, ಮತ್ತೆ ಗೋಡೆಯ ಕೆಲಸ, ಮತ್ತೆ ಮಕ್ಕಳ ಅಳು.

ಪಕ್ಕದ ಮನೆಯ ಸಿದಗೊಂಡ ಕಿಂಡಿಯಲ್ಲಿ ಮುಖವಿಟ್ಟ. ಅವನು ನಿಂಬೆವ್ವನ ತಮ್ಮ.

"ಅಕ್ಕಾ, ಹಿಂಗ ಗಂಟಿ ಬಾರಿಸ್ಕೋತ ಹೋದ್ರ ಹುಡುಗ್ರು ಉಪಾಸ ಬೀಳ್ತಾವ ನೋಡು."

"ಬಾರಿಸ್ಲಿಲ್ಲಂದ್ರ ಎಲ್ಲಾರೂ ಸಾಯ್ತೀವಿ. ಅಷ್ಟು ಕಾಳಜಿ ಇದ್ರ ನೀ ಬಂದು ನಿಂದ್ರಪಾ, ನಾ ಒಂದ್ ಗಳಿಗಿ ಅಡ್ಡಾಗ್ತೀನಿ."

ಸಿದಗೊಂಡನ ಮುಖ ಕಿಂಡಿಯಿಂದ ಮಾಯವಾಯಿತು.

ಮೂರನೆಯ ಸಲ ಮಾಟಗಾತಿಯ ಮಡಿಲ ತುಂಬ ಮರಿದೆವ್ವಗಳಿದ್ದವು. ಸಾಸಿವೆಗಿಂತ ಸಣ್ಣವು. ಅವು ಹಾರಿಬಂದು ನಿಂಬೆವ್ವನ ಬೆರಳುಗಳಿಗೆ ಊದಿದವು, ಬೆರಳು ಜೋಮು ಹಿಡಿಯಿತು. ಸೆರಗು ಹಿಡಿದಳು, ಏನೂ ತಿಳಿಯಲಿಲ್ಲ. ಬೆರಳು ಜೋಮು ಹಿಡಿದಾಗಲೇ ಗಂಟೆ ಬಾರಿಸಬಹುದಿತ್ತು. ಆದರೆ ಗಂಟೆ, ಗೋಡೆ, ಮಕ್ಕಳ ಅಳು, ಎಲ್ಲವೂ ಅವಳಿಗೆ ಸಾಕುಸಾಕಾಗಿತ್ತು.

"ಬಾರವಾ, ಮೂಲ್ಯಾಗ ಕುಂದರು," ಎಂದು ತನ್ನ ಮನೆಗೇ ಕರೆದಳು. ಬಂದವಳು ಕುಡಿಯಲು ಸಕ್ಕರೆನೀರು ಕೇಳಿದಳು. ಕೊಟ್ಟಳು. ಮತ್ತೆ ಕೇಳಿದಳು, ಮತ್ತೆ ಕೊಟ್ಟಳು.

ಎಲೆಯ ಮನೆಗಳಲ್ಲಿ ಉಪಯೋಗಕ್ಕೆ ಬಾರದ ದೀಪವೊಂದು ಇರುತ್ತದೆ. ಅದರ ಬೆಳಕಲ್ಲಿ ಯಾರೂ ಏನೂ ಮಾಡುವುದಿಲ್ಲ. ಮರಿದೆವ್ವಗಳಿಗೆ ಕಂಡ ದೀಪವನ್ನೆಲ್ಲ ಆರಿಸುವ ಚಟ, ಅದಕ್ಕೇ ಹಿರಿಯರು ಅದನ್ನು ಇಟ್ಟಿದ್ದರು. ನಿಂಬೆವ್ವ ತಿರುಗಿ ನೋಡಿದರೆ ದೀಪ ಆರಿತ್ತು. ಮನೆಯೊಳಗೆ ಗಾಳಿಯೇನೂ ಬೀಸಿರಲಿಲ್ಲ.

ಬಂದವಳು ಮಾಟಗಾತಿಯೇ ಎಂದು ಅವಳಿಗೆ ಆಗ ತಿಳಿಯಿತು. ಗಂಟೆಗೆ ಕೈ ಹಾಕಿದಳು. ಅದರ ನಾಲಗೆಯನ್ನು ಮರಿದೆವ್ವಗಳು ಆಗಲೇ ಕಿತ್ತಿದ್ದವು. ಮಾಟಗಾತಿಯ ಕೈ ನಡುಗೋಡೆಯ ಕಿಂಡಿಯತ್ತ ಬೆಳೆಯುತ್ತಿತ್ತು. ಕಿಂಡಿ ದಾಟಿದರೆ ಸಿದಗೊಂಡನ ಮನೆ, ಅದರಾಚೆ ಇನ್ನೊಂದು ಮನೆ, ಕೊನೆಗೆ ತೊಟ್ಟಿಲುಗಳು.

"ತಮ್ಮಾ! ನಿನ್ನ ಕಡಿಂದ ಕಿಂಡಿ ಮುಚ್ಚು. ಗಟ್ಟಿ ಮೆತ್ತು. ನಾ ಮನಿಗೆ ಬೆಂಕಿ ಹಚ್ತೀನಿ."

"ಹುಚ್ಚು ಹಿಡದೈತೇನ ಅಕ್ಕಾ? ಕಿಂಡಿ ದೊಡ್ಡದ್ ಮಾಡ್ತೀನಿ, ಈ ಕಡಿ ಬಂದುಬಿಡು!"

"ನಾ ಬಂದ್ರ ನನ್ನ ಹಿಂದ ಆಕಿನೂ ಬರ್ತಾಳ. ಗಂಟಿ ಬಾರಿಸಬೇಕಿತ್ತು, ಬಾರಿಸ್ಲಿಲ್ಲ. ಮೈ ಸೋತಿತ್ತೋ ತಮ್ಮಾ. ಮುಚ್ಚು ಲಗೂನ."

ಸಿದಗೊಂಡ ಅಳುತ್ತ ಮೆತ್ತಿದ. ಅಕ್ಕನ ಮುಖ ಸ್ವಲ್ಪಸ್ವಲ್ಪವೇ ಮರೆಯಾಯಿತು.

ಜೀವವಿರುವ ಮನೆಯಲ್ಲಿ ಮಾತ್ರ ಮಾಟಗಾತಿಗೆ ಊಟ. ಸತ್ತ ಮನೆಯಲ್ಲಿ ಅವಳು ಒಣಗಿಹೋಗುತ್ತಾಳೆ. ನಿಂಬೆವ್ವ ಒಲೆಯಿಂದ ಕೊಳ್ಳಿ ಎಳೆದಾಗ ಮಾಟಗಾತಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಯವ್ವಾ, ನಿನಗೂ ಜೀವ ಬೇಕಲ್ಲೇನ?"

"ಬೇಕಿತ್ತು," ಎಂದಳು ನಿಂಬೆವ್ವ. ನಾಲ್ಕೂ ಮೂಲೆಗೆ ಬೆಂಕಿಯಿಟ್ಟು, ಬಾಗಿಲಿಗೆ ಒರಗಿ ಕುಳಿತುಬಿಟ್ಟಳು.

ಮನೆ ಸುಟ್ಟಿತು. ಮಾಟಗಾತಿ ಸುಟ್ಟಳು, ಮರಿದೆವ್ವಗಳೂ ಸುಟ್ಟವು. ಹೊಗೆಯ ವಾಸನೆ ಎಲೆಯಿಂದ ಎಲೆಗೆ ಹಬ್ಬಿ ಇಡೀ ರಾಜ್ಯ ಎಚ್ಚೆತ್ತಿತು. ಮಾಟಗಾತಿಯ ತಂಗಿಯರು ಬೇರೆ ಬೇರೆ ಬಾಗಿಲಿಗೆ ಬಂದರೂ ಒಬ್ಬಳಿಗೂ ಒಳಗೆ ಕಾಲಿಡಲಾಗಲಿಲ್ಲ. ತೊಟ್ಟಿಲುಗಳಿಗೆ ಸಕ್ಕರೆ ಹರಿಯಿತು, ಮಕ್ಕಳು ಗುಂಡುಗುಂಡಾದರು, ಎಲ್ಲರೂ ಸುಖವಾಗಿದ್ದರು.

ಎಲೆಯ ಮೇಲೆ ಮಾತ್ರ ಎಳ್ಳುಕಾಳಿನಷ್ಟು ಕಂದು ಚುಕ್ಕೆ ಉಳಿಯಿತು. ಬಾಗಿಲ ಕೆಲಸಕ್ಕೆ ಈಗ ಸಿದಗೊಂಡ ನಿಂತಿದ್ದ. ಒಂದು ದಿನ ಹಿರಿಯರು ಬಂದು, ಈ ಕಲೆ ಚೆಂದ ಕಾಣುವುದಿಲ್ಲ, ಹಸಿರು ಬಳಿಸೋಣ ಎಂದರು.

"ಇರ್ಲಿ ಬಿಡ್ರಿ," ಎಂದ ಸಿದಗೊಂಡ. "ಅಲ್ಲಿ ನಮ್ಮಕ್ಕ ಇದ್ಲು."

ಅಷ್ಟು ಹೇಳಿ, ಹಿರಿಯರೆಂದೂ ನೋಡದೆ, ಒಬ್ಬೊಬ್ಬರ ಸೆರಗನ್ನೂ ಹಿಡಿದು ಮುಟ್ಟಿ ನೋಡಿದ.