ಹುಳುಮನೆಗೆ ಹೊರಗಿನವರು

"ನಮ್ಮವ್ವ ಎಲ್ಲಿ?"

ರಾಧಾಮಣಿ ಲ್ಯಾಪ್‌ಟಾಪ್ ತಿರುಗಿಸಿದ ರಭಸಕ್ಕೆ ಅನಂತರಾಜುವಿನ ಕಾಫಿ ತುಳುಕಿತು. ರಾಮನಗರ, ಮಾಗಡಿ, ಕನಕಪುರದ ರೇಷ್ಮೆ ಬೆಳೆಗಾರರನ್ನೆಲ್ಲ ಒಂದೇ ಕಡೆ ಸೇರಿಸುವ ಸಂಘದ ದಾಖಲೆ ಅದು. ಜನ ನೋಡಿ ಒತ್ತುವ ಸ್ಕ್ರೀನು ಅವಳ ಕೆಲಸ. ಅದಕ್ಕೂ ಮಾರುಕಟ್ಟೆಯ ಕಂಪ್ಯೂಟರಿಗೂ ಮಾಹಿತಿ ಒದಗಿಸುವ ಒಳಗಿನ ಪ್ರೋಗ್ರಾಮು, ಎಪಿಐ, ಅವನದು. ಅವ್ವನ ಹೆಸರು ಸರಸಮ್ಮ ಎಂದು ಹುಡುಕಿದರೆ ಬರುತ್ತಿದ್ದುದು ಸೋದರಮಾವ ಬೋರಲಿಂಗಯ್ಯನ ಹೆಸರು. ಹೀಗೇ ಬಿಟ್ಟರೆ ತಾನೇ ಬೆಳೆದ ಗೂಡು ಮಾರಲು ಅವ್ವ ಮಾವನ ಹಿಂದೆ ನಿಲ್ಲಬೇಕು.

"ಇಬ್ರದೂ ಒಂದೇ ಮೊಬೈಲ್ ನಂಬರ್. ಡೂಪ್ಲಿಕೇಟ್ ಅಂತ ಸಿಸ್ಟಮ್ ಒಂದೇ ಹೆಸ್ರಿಗೆ ಸೇರಿಸ್ಬುಟ್ಟೈತೆ," ಎಂದು ಅವನು ನಕ್ಕ.

"ಸಿಸ್ಟಮ್ಮಲ್ಲ, ನೀನು! ನಮ್ ಕಡೆ ಮನೆಗೊಂದೇ ಫೋನು, ನಂಬರ್ ನೋಡಿ ಜನಾನ ಎಣಿಸ್ಬೇಡ ಅಂತ ಅವತ್ತೇ ಬಡ್ಕೊಂಡೆ. ಹುಳ ಸಾಕಿ ನನ್ನ ಓದ್ಸಿದೋಳು ಕಣೋ ನಮ್ಮವ್ವ. ಅವಳು ಡೂಪ್ಲಿಕೇಟಾ?"

ಅವನ ಎಡಗೆನ್ನೆಯ ಆ ಹಾಳು ಗುಳಿಗೆ ತಾನು ಸೋತಿದ್ದೆನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು. ಈ ಭಾನುವಾರ ಇವನ ವಿಷಯ ಅವ್ವನಿಗೆ ಹೇಳಬೇಕೆಂದಿದ್ದಳು. ಹೇಳುವುದೇನು, ಮಣ್ಣು! ಅವ್ವನನ್ನೇ ಲೆಕ್ಕಕ್ಕಿಡದವನಿಗೆ ಮಗಳು ಯಾವ ಲೆಕ್ಕ? ಫೋನ್ ಆಫ್ ಮಾಡಿ ತನ್ನೂರು ಗುಡೇಮಾರನಹಳ್ಳಿಯ ಬಸ್ಸು ಹತ್ತಿದಳು.

ಭಾನುವಾರ ಬೆಳಗ್ಗೆ ತಾಯಿ ಮಗಳು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ ಹುಳುಮನೆಯ ಬಾಗಿಲಿಗೆ ನೆರಳು ಬಿತ್ತು. ಇಸ್ತ್ರಿ ಮಾಡಿದ ಶರ್ಟು, ಘಮ್ಮೆನ್ನುವ ಸೆಂಟು.

"ಅಲ್ಲೇ ನಿಂತ್ಕೊ!" ರಾಧಾಮಣಿ ಚೀರಿದಳು. "ಸೆಂಟಿಗೆ ಹುಳ ಸಾಯ್ತವೆ. ಮನೆಯೋರು ಬಿಟ್ರೆ ಯಾರೂ ಒಳಗೆ ಬರೋಹಂಗಿಲ್ಲ."

ಅನಂತರಾಜು ಹಿಂದೆ ಸರಿದ. ನಿದ್ದೆಯಿಲ್ಲದ ಕಣ್ಣುಗಳು ಕೆಂಪಗಿದ್ದವು.

"ನೀ ಹೇಳಿದ್ದೇ ಸರಿ, ರಾಧಾ. ನಂದು ಕೊಬ್ಬು. ಇನ್ಮೇಲೆ ನಂಬರ್ ಒಂದೇ ಆದ್ರೂ ಅವರನ್ನ ಕೇಳದೆ ಯಾರ್ನೂ ಸೇರ್ಸಲ್ಲ. ಹೆಂಗೆ ಕೇಳ್ಬೇಕು ಅಂತ ನಿನ್ ಸ್ಕ್ರೀನಲ್ಲಿ ನೀನೇ ಬರಿ."

"ನನಗ್ಯಾಕೆ ಹೇಳ್ತೀಯಾ? ಅವ್ವಂಗೆ ಹೇಳು."

"ತಪ್ಪಾಯ್ತು, ಸರಸಮ್ಮನೋರೇ. ಸಂಘದ ದಾಖಲೆಯಿಂದ ನಿಮ್ ಹೆಸ್ರು ಅಳಿಸ್ಬುಟ್ಟಿದ್ದೆ. ಈಗ ವಾಪಸ್ ಹಾಕಿದೀನಿ."

ಅವ್ವ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಅಳ್ಸಾಕೆ ನೀನ್ಯಾವನ್ಲಾ?"

"ನಿಮ್ ಮಗಳನ್ನ ಇಷ್ಟಪಟ್ಟೋನು."

ರಾಧಾಮಣಿಯ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಅವ್ವ ತನ್ನನ್ನೇ ನೋಡುತ್ತಿದ್ದುದು ಗೊತ್ತಾಗಿ ಕಿವಿ ಬಿಸಿಯಾಯಿತು. ಸಿಟ್ಟೇನೂ ಇಳಿದಿರಲಿಲ್ಲ. ಆದರೆ ಅವನು ಹೊರಟುಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ನಲ್ಲಿ ಆ ಕಡೆ ಐತೆ," ಎಂದು ಗದರಿದಳು. "ಸೆಂಟು ಹೋಗೋಗಂಟ ಮೈ ತೊಳ್ಕೊ. ದಾರದ ಮೇಲೆ ಮಾವನ ಅಂಗಿ ಐತೆ, ಹಾಕ್ಕೊ. ಸೊಪ್ಪು ಹಾಕೋದು ಬೇಕಾದಷ್ಟೈತೆ."

"ಮನೆಯೋರು ಬಿಟ್ರೆ ಯಾರೂ ಬರೋಹಂಗಿಲ್ಲ ಅಂದ್ಯಲ್ಲ?"

"ಅಂದೆ. ಬತ್ತೀಯೋ ಇಲ್ವೋ?"