ಕೆಳಗಿನ ಸಾಲಿನ ಹೆಸರು

ಮಂಗಳವಾರ, 11 ಜೂನ್ 2024, ಬೆಳಗ್ಗೆ 10.20. ನಿವೃತ್ತ ಸಂಸ್ಕೃತ ಮೇಷ್ಟ್ರು ಚಕ್ರಪಾಣಿಯವರು ನಂಜನಗೂಡು ಠಾಣೆಗೆ ದೂರನ್ನು ಬರೆದೇ ತಂದಿದ್ದರು, ಆರೋಪಿಯ ಹೆಸರನ್ನೂ. ಸೊಸೆ ರಮ್ಯಶ್ರೀಯ ಚಿನ್ನದ ಅವಲಕ್ಕಿ ಸರ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬೀರುವಿನಲ್ಲಿತ್ತು, ಮಧ್ಯಾಹ್ನ ಎರಡಕ್ಕೆ ಇರಲಿಲ್ಲ. ಹದಿನಾರು ವರ್ಷದಿಂದ ಮನೆಗೆಲಸಕ್ಕಿದ್ದ ಮಂಗಳಮ್ಮ ಅಂದೇ ರಜ ಹಾಕಿದ್ದಳು.

“ಅಷ್ಟಕ್ಕೇ ಅನುಮಾನವೇ?” ಇನ್‌ಸ್ಪೆಕ್ಟರ್ ರುದ್ರಾಣಿ ಕೇಳಿದರು.

“ಹಿತ್ತಿಲ ಬಾಗಿಲು ಗೊತ್ತಿರೋದು ಅವಳಿಗೇ. ಗಂಡ ಹೆಂಡ್ತಿ ಜಗಳಕ್ಕೆಲ್ಲ ಸ್ಟೇಷನ್ ಹತ್ತೋ ಜನ ನೋಡಮ್ಮಾ. ನಮ್ಮಂಥ ಮನೆಗಳು ಹಾಗೆ ಒಡೆಯಲ್ಲ. ನಮಗೆ ಪೊಲೀಸರು ಬೇಕಾಗೋದು ಇಂಥದ್ದಕ್ಕೆ ಮಾತ್ರ.”

ಎಫ್‌ಐಆರ್ ಆಯಿತು. ಸ್ಥಳ ಮಹಜರಿಗೆ ಬರುವಾಗ ಜೀಪು ಬೀದಿಯ ತುದಿಯಲ್ಲೇ ನಿಲ್ಲಲಿ ಎಂದು ದೂರುದಾರರು ಕೋರಿದರು, ನಿಂತಿತು. ಬೀರುವಿನ ಬೀಗ ಒಡೆದಿರಲಿಲ್ಲ. ಮೇಷ್ಟ್ರ ಹೆಂಡತಿ ಜಾನಕಮ್ಮ ಎಲ್ಲರಿಗೂ ಕಾಫಿ ಕೊಟ್ಟರು. ನಿನ್ನೆ ಅವರು ದೇವಸ್ಥಾನಕ್ಕೆ ಹೋಗಿದ್ದರೆಂದು ಮೇಷ್ಟ್ರೇ ಹೇಳಿದರು.

ಮಂಗಳಮ್ಮನ ಮನೆಗೆ ಜೀಪು ಬಾಗಿಲವರೆಗೂ ಹೋಯಿತು. ಅಲ್ಲಿ ಯಾರೂ ಏನೂ ಕೋರಲಿಲ್ಲ.

“ನಿನ್ನೆ ಎಲ್ಲಿದ್ದೆ?”

“ನರಸೀಪುರದ ಟೇಸನ್‌ನಲ್ಲಿ ಮೇಡಮ್ಮೋರೆ. ಅಳಿಯ ನಮ್ ಕವನನ್ನ ಒಡೀತಾನೆ. ಬುದ್ಧಿ ಏಳ್ಸಕ್ಕೋಗಿದ್ದೆ.”

ಕಾನ್‌ಸ್ಟೆಬಲ್ ಕೃಷ್ಣ ನಕ್ಕ. “ಪೊಲೀಸ್ರೇ ಸಾಕ್ಷಿ ಮೇಡಂ, ಇನ್ನೇನ್ ಬೇಕು!”

“ಬೇರೆ ಯಾರು ನೋಡಿದ್ದಾರೆ?”

“ಬುಕ್ನಲ್ಲಿ ಎಸ್ರು ಬರ್ಕೊಂಡವ್ರೆ. ಬೇರೇರ್ನ ಕೇಳ್ಬ್ಯಾಡಿ.”

ಮಧ್ಯಾಹ್ನ 3.40ಕ್ಕೆ ರುದ್ರಾಣಿ ತಿ. ನರಸೀಪುರ ಠಾಣೆಯ ರಿಜಿಸ್ಟರ್ ತೆರೆಸಿದರು. ಸೋಮವಾರ 11.05: ಮಂಗಳಮ್ಮ, ಮಗಳು ಕವನ. ಕೆಳಗಿನ ಸಾಲಿನಲ್ಲಿ 11.10: ಹಂಸಾ, ತಂದೆ ಚಕ್ರಪಾಣಿ, ನಂಜನಗೂಡು. ವಿಷಯ: ಗಂಡ ಮನೆಗೆ ಸೇರಿಸುತ್ತಿಲ್ಲ. ಜೊತೆಗೆ ಬಂದವರು: ತಾಯಿ ಜಾನಕಮ್ಮ. ಇಬ್ಬರು ತಾಯಂದಿರೂ ಎರಡು ಗಂಟೆ ಒಂದೇ ಬೆಂಚಿನಲ್ಲಿ ಕೂತಿದ್ದರೆಂದು ಅಲ್ಲಿನ ಪೇದೆ ಹೇಳಿದ.

ಸಂಜೆ ಹಂಸಾಳ ಗಂಡ ನರೇಂದ್ರನ ಮನೆಯಲ್ಲಿ ಪಂಚನಾಮೆ ನಡೆದು ಸರ ಸಿಕ್ಕಿತು. ಅತ್ತೆಯೇ ಕೊಟ್ಟರು ಎಂದ. ವರದಕ್ಷಿಣೆಗಾಗಿ ಅವನ ಮೇಲೆ ಬೇರೆ ಪ್ರಕರಣ ದಾಖಲಾಯಿತು.

ಬುಧವಾರ ಬೆಳಗ್ಗೆ 9.15ಕ್ಕೆ ಜಾನಕಮ್ಮನ ಬಂಧನ.

“ಇದು ಮನೆ ವಿಷಯ. ದೂರು ವಾಪಸ್ ಕೊಡಿ,” ಎಂದರು ಚಕ್ರಪಾಣಿ.

“ಮಂಗಳಮ್ಮ ಕಳ್ಳಿ ಅಂದಾಗ ಇದು ಮನೆ ವಿಷಯ ಆಗಿರಲಿಲ್ಲವಲ್ಲ ಸರ್.”

ಹೇಳಿಕೆ ಕೊಡಲು ಬಂದಿದ್ದ ಮಂಗಳಮ್ಮ ಜಾನಕಮ್ಮನ ಮುಂದೆ ನಿಂತಳು. “ಯಾರ್ಗೂ ಏಳ್ಬ್ಯಾಡ ಅಂದ್ರಿ. ಮಗಳಿಗೂ ಬಾಯ್ಬಿಡ್ಬ್ಯಾಡ ಅಂದೆ. ನನ್ ಪಕ್ಕದಲ್ಲೇ ಕೂತಿದ್ರಲ್ಲ ಅಮ್ಮಾರೆ?”

ಜಾನಕಮ್ಮ ರುದ್ರಾಣಿಯ ಕಡೆ ತಿರುಗಿದರು. ಸರ ಕೊಟ್ಟರೆ ಹಂಸಾಳನ್ನು ಕರೆದುಕೊಳ್ಳುತ್ತೇನೆಂದು ಅಳಿಯ ಹೇಳಿದ್ದ. ಗಂಡನ ಕಿವಿಗೆ ಬೀಳುವ ಮೊದಲು ಮಗಳ ಸಂಸಾರ ನೆಟ್ಟಗಾಗಬೇಕಿತ್ತು ಎಂದು ಹೇಳಿಕೆಯಲ್ಲಿ ಬರೆಸಿದರು. ಯಜಮಾನರು ಮಂಗಳಮ್ಮನ ಹೆಸರು ಬರೆಯುವಾಗ ಯಾಕೆ ತಡೆಯಲಿಲ್ಲ ಎಂದು ರುದ್ರಾಣಿ ಕೇಳಿದರು.

“ಅವಳಿಗೆ ಸ್ಟೇಷನ್ ಅಭ್ಯಾಸ ಇದೆ. ತಡ್ಕೋತಾಳೆ ಅಂದ್ಕೊಂಡೆ.”